ಕಿತ್ತಳೆ ಪಟ್ಟಿ ತೊಟ್ಟವಳು

"ನಿಮ್ಮ ತಂಗಿ ಕಳ್ಳಿ, ಕುಜೆ ಅವರೇ. ಇದರಲ್ಲಿ ಪತ್ತೆ ಮಾಡೋಕೆ ಇನ್ನೇನು ಉಳಿದಿದೆ?"

ಸುಜುನಾಳ ತಾಯಿ ಓಮೋರಿಯಮ್ಮ ದನಿ ಏರಿಸಲಿಲ್ಲ. ನಗೋಯಾದ ದೊಡ್ಡ ಮನೆಯ ಹೆಂಗಸರು ದನಿ ಏರಿಸುವುದಿಲ್ಲ. ಬಹುವಚನದಲ್ಲೇ ಕುತ್ತಿಗೆ ಕುಯ್ಯುತ್ತಾರೆ.

ಆಕೆಯ ಅಂಗೈಯಲ್ಲಿ ಟವೆಲ್ ಬಟ್ಟೆಯ ಒಂದು ಗವಸಿತ್ತು. ಸ್ಕೇಟಿನ ಅಲಗಿಗೆ ತುಕ್ಕು ಹಿಡಿಯದಂತೆ ತೊಡಿಸುವಂಥದ್ದು. ಅದರ ಮೇಲೆ ಹಸಿರು ದಾರದಲ್ಲಿ ಒಂದು ಕಪ್ಪೆ. ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು.

"ಸುಜುನಾ ಶೂ ಇಟ್ಟಿದ್ದ ಬೆಂಚಿನ ಕೆಳಗೆ ಸಿಕ್ಕಿತು. ಈ ಕಪ್ಪೆ ಯಾರ ಮನೇದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?"

ಬೇಕಾಗಿರಲಿಲ್ಲ. ಅದನ್ನು ಹೊಲಿದವಳು ನಮ್ಮಮ್ಮ. ನನ್ನ ಅಂಗಿಗೆ ಒಂದು ಗುಂಡಿ ಹಾಕಲು ಪುರುಸೊತ್ತಿಲ್ಲದ ನಮ್ಮಮ್ಮ, ತಂಗಿಯ ಅಲಗುಗಳಿಗೆ ಅಂಗಿ ಹೊಲಿದು ಅದರ ಮೇಲೆ ಕಪ್ಪೆಯನ್ನು ಬೇರೆ ಕೂರಿಸಿದ್ದಳು.

ಕೋಚ್ ತಕಿಗುಚಿ ಮೇಡಂ ನಡುವೆ ಬಾಯಿ ಹಾಕಿದರು. "ಓಮೋರಿಯವರೇ, ಸಂಜೆ ತನಕ ಸುಮ್ಮನಿರ್ತೀನಿ ಅಂದಿದ್ರಿ. ಮಾತು ಅಂದ್ರೆ ಮಾತು."

"ಅಂದಿದ್ದೆ. ಕದ್ದ ಬೆಕ್ಕಿನ ಅಣ್ಣನ್ನೇ ಹಾಲಿನ ಕಾವಲಿಗೆ ಕೂರಿಸ್ತೀರಿ ಅಂತ ಗೊತ್ತಿರಲಿಲ್ಲ."

ನಿನ್ನೆ ಸಂಜೆಯ ಅಭ್ಯಾಸದ ನಡುವೆ ಓಮೋರಿ ಸುಜುನಾಳ ಸ್ಕೇಟಿಂಗ್ ಶೂ ಬಟ್ಟೆ ಬದಲಿಸುವ ಕೋಣೆಯಿಂದ ಮಾಯವಾಗಿತ್ತು. ಶನಿವಾರವೇ ಪಶ್ಚಿಮ ಜಪಾನ್ ಸ್ಪರ್ಧೆ. ಅದರಲ್ಲಿ ಗೆದ್ದವರಿಗೆ ರಾಷ್ಟ್ರೀಯ ಸ್ಪರ್ಧೆಯ ಬಾಗಿಲು.

ಶೂ ತಾನೇ, ಹೊಸದು ಕೊಂಡರಾಯಿತು ಎನ್ನುವವರು ಈ ರಿಂಕಿನ ಕಡೆ ತಲೆ ಹಾಕಬಾರದು. ಹೊಸ ಶೂ ಕಾಲಿಗೆ ಒಗ್ಗಬೇಕಾದರೆ ವಾರಗಟ್ಟಲೆ ರಕ್ತ ಹರಿಯಬೇಕು. ಹಳೆಯದರ ಚರ್ಮದೊಳಗೆ ಒಂದೊಂದು ಮೂಳೆಯ ಗುರುತೂ ಕೂತಿರುತ್ತದೆ. ಸ್ಪರ್ಧೆಯ ವಾರದಲ್ಲಿ ಶೂ ಕದಿಯುವುದೂ ಒಂದೇ, ಕಾಲು ಕಡಿಯುವುದೂ ಒಂದೇ.

ಸಂಜೆಯೊಳಗೆ ಬೇರೆ ಕಳ್ಳರು ಸಿಗದಿದ್ದರೆ ಓಮೋರಿಯಮ್ಮ ನನ್ನ ತಂಗಿ ಇಬುಕಿಯ ಹೆಸರಲ್ಲಿ ಸ್ಕೇಟಿಂಗ್ ಸಂಘಕ್ಕೆ ದೂರು ಕೊಡುತ್ತಾಳೆ. ದೂರು ಬಿದ್ದ ಹುಡುಗಿಯನ್ನು ಶನಿವಾರ ಐಸಿಗೆ ಇಳಿಸುವುದಿಲ್ಲ. ಹದಿನಾರರ ಇಬುಕಿಗೆ ದೊಡ್ಡವರ ಸಾಲಿನಲ್ಲಿ ಇದೇ ಮೊದಲ ವರ್ಷ. ಕಳ್ಳಿ ಎಂಬ ಹೆಸರು ಅಂಟಿದರೆ ಇದೇ ಕೊನೆಯದೂ ಹೌದು.

ಪೊಲೀಸರಿಗಿಂತ ಮೊದಲು ನೀನೊಮ್ಮೆ ನೋಡು ಎಂದು ಮೇಡಂ ನನ್ನನ್ನು ಕರೆಸಿದ್ದರು. ನಾನು ಕೆಲಸ ಮಾಡುವುದು ಸಕಾಎ ಪೇಟೆಯ ಹಿಂದಿನ ಬೀದಿಯ ಒಂದು ಸಣ್ಣ ಪತ್ತೇದಾರಿ ಆಫೀಸಿನಲ್ಲಿ. ಗಂಡಂದಿರ ಬೆನ್ನು ಹತ್ತುವುದು, ಹೆಂಡತಿಯರಿಗೆ ಫೋಟೊ ಕೊಡುವುದು. ಶಾಲೆ ಬಿಟ್ಟವನಿಗೆ ಇನ್ನೇನು ಸಿಗುತ್ತದೆ? ನಾನು ಹೈಸ್ಕೂಲಿಗೆ ಶರಣು ಹೊಡೆದ ವರ್ಷವೇ ಇಬುಕಿಗೆ ತಕಿಗುಚಿ ಮೇಡಂ ಸಿಕ್ಕರು. ನಮ್ಮ ಮನೆಯಲ್ಲಿ ಒಬ್ಬರಿಗೆ ಆಗುವಷ್ಟೇ ರೆಕ್ಕೆಯಿತ್ತು.

ಆ ಕಪ್ಪೆಯನ್ನು ಕಂಡಾಗ ನನ್ನ ಹೊಟ್ಟೆಯೊಳಗೆ ಯಾವುದೋ ಒಂದು ಮೂಲೆ ತಣ್ಣಗಾಯಿತು. ಬಂಗಾರದ ಮಗಳು ಕಳ್ಳಿಯಾದರೆ ಮನೆಯವರು ನನ್ನ ಮುಖವನ್ನೂ ಒಮ್ಮೆ ನೋಡಿಯಾರು! ಮರುಗಳಿಗೆಗೆ ನನ್ನ ಕೆನ್ನೆಗೆ ನಾನೇ ಬಿಗಿದುಕೊಳ್ಳುವಷ್ಟು ಸಿಟ್ಟು ಬಂತು. ಆ ಸಿಟ್ಟನ್ನು ಓಮೋರಿಯಮ್ಮನ ಮೇಲೆ ತಿರುಗಿಸಿದೆ. ಅದು ಸುಲಭ.

"ಶೂ ಯಾವಾಗ ಹೋಯ್ತು? ಸರಿಯಾಗಿ ಹೇಳಿ."

ಮೇಡಂ ಹೇಳಿದರು. "ಬೆನ್ನು ನೋವು ಅಂತ ಸುಜುನಾ ಶೂ ಬಿಚ್ಚಿಟ್ಟು ಪಕ್ಕದ ಕೋಣೇಲಿ ಮಲಗಿದ್ಲು. ಇಬುಕಿಯ ಹಾಡು ಶುರುವಾದಾಗ ಶೂ ಇತ್ತು. ಹಾಡು ಮುಗಿದ ಮೇಲೆ ಎದ್ದು ಬಂದ್ರೆ ಇಲ್ಲ. ಸುಜುನಾನೇ ಹೇಳಿದ್ದು."

ನನಗೆ ನಗು ಬಂತು. "ಹಾಡು ಇಬುಕೀದು. ಪಟ್ಟಿ ಇಬುಕಿ ಮೈಮೇಲೆ. ಅಂದ್ಮೇಲೆ ಅವಳು ಐಸ್ ಮೇಲಿದ್ದಳು. ಕದಿಯೋಕೆ ಹೋದದ್ದು ಯಾರು, ಅವಳ ನೆರಳಾ?"

ಅಭ್ಯಾಸದ ಹೊತ್ತಿನಲ್ಲಿ ಎಲ್ಲ ಹುಡುಗಿಯರೂ ಒಟ್ಟಿಗೇ ಸುತ್ತುತ್ತಿರುತ್ತಾರೆ. ಸರದಿಯಂತೆ ಒಬ್ಬೊಬ್ಬಳ ಹಾಡು ಹಾಕುತ್ತಾರೆ. ಹಾಡು ಯಾರದೋ ಅವಳು ಹೆಗಲಿನಿಂದ ಸೊಂಟಕ್ಕೆ ಕಿತ್ತಳೆ ಬಣ್ಣದ ಪಟ್ಟಿ ತೊಡಬೇಕು. ಪಟ್ಟಿ ಬಂತೆಂದರೆ ಪದಕ ಗೆದ್ದವಳೂ ಪಕ್ಕಕ್ಕೆ ಸರಿಯಬೇಕು. ಮೂಗಿನವರೆಗೆ ಮಾಸ್ಕು, ಕಪ್ಪು ಬಟ್ಟೆ, ನೆತ್ತಿಯ ಮೇಲೆ ಬಿಗಿದ ತುರುಬು, ಶೂ ಮುಚ್ಚುವಂತೆ ಎಳೆದ ಕಾಲುಚೀಲ. ಎಲ್ಲರೂ ಒಂದೇ ಅಚ್ಚಿನ ಬೊಂಬೆಗಳು. ಪಟ್ಟಿಯಿಂದಲೇ ಗುರುತು.

"ನೋಡಿದ್ದು ಯಾರು?" ಎಂದಳು ಓಮೋರಿಯಮ್ಮ. "ಮೇಡಂ, ನೀವು ಆಗ ಆಫೀಸಿನೊಳಗೆ ಫೋನಿನಲ್ಲಿದ್ರಿ. ಮಕ್ಕಳ ಬಾಯಿಮಾತು ನನಗೆ ಬೇಡ. ಕಣ್ಣಿಗೆ ಕಾಣೋದು ಏನಾದ್ರೂ ಇದ್ರೆ ತಂದು ತೋರಿಸಿ."

"ತರ್ತೀನಿ" ಎಂದೆ. "ತಂದ ಮೇಲೆ ನೀವು ನನ್ನ ತಂಗಿಯ ಮುಂದೆ ತಲೆ ಬಗ್ಗಿಸಬೇಕು. ಸೊಂಟದ ತನಕ."

ಆಕೆ ನಕ್ಕಳು. ಹಲ್ಲು ಕಾಣಲಿಲ್ಲ.

* * *

ರಿಂಕಿನ ಬೆಂಚುಗಳಲ್ಲಿ ತಾಯಂದಿರು ತೊಡೆಯ ಮೇಲೆ ಕಂಬಳಿ ಹೊದ್ದು, ಫ್ಲಾಸ್ಕಿನ ಬಾರ್ಲಿ ಚಹಾ ಹೀರುತ್ತ ಕೂತಿದ್ದರು. ಇಬುಕಿ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಎಲ್ಲರ ಕಣ್ಣೂ ಒಬ್ಬಳ ಮೇಲೆ.

ಸುಜುನಾ ಯಾರದೋ ಎರವಲು ಶೂನಲ್ಲಿ ಐಸಿಗೆ ಇಳಿದಿದ್ದಳು. ಮೂರು ಸುತ್ತಿನ ಆಕ್ಸೆಲ್ ಹಾರುವ ಹುಡುಗಿ, ಈಗ ಒಂದು ಸುತ್ತಿಗೇ ಕಾಲು ಹೊರಳಿ ಬಿದ್ದಳು. ಎದ್ದಳು. ಮತ್ತೆ ಬಿದ್ದಳು.

"ಅಯ್ಯೋ, ಪಾಪ" ಎಂದಳು ಒಬ್ಬ ತಾಯಿ.

"ಪಾಪ" ಎಂದಳು ಇನ್ನೊಬ್ಬಳು.

ಆ ಪಾಪ ಎನ್ನುವ ಬಾಯಿಗಳಲ್ಲಿ ಸಕ್ಕರೆ ಕರಗುತ್ತಿತ್ತು. ನನಗೆ ಎದ್ದು ಹೋಗಿ ಆ ಫ್ಲಾಸ್ಕುಗಳನ್ನು ಒದೆಯಬೇಕೆನಿಸಿತು. ಅಷ್ಟು ಎತ್ತರ ಹಾರಿದವಳು ಬಿದ್ದದ್ದನ್ನು ಕಂಡು ನನ್ನ ಬಾಯಲ್ಲೂ ಒಂದು ಹರಳು ಸಕ್ಕರೆ ಇತ್ತೋ ಏನೋ, ಅದಕ್ಕೇ ಇರಬೇಕು ಅಷ್ಟು ಸಿಟ್ಟು.

ಸುಜುನಾ ಕುಂಟುತ್ತ ಗೇಟಿನತ್ತ ಬಂದಳು. ಕಣ್ಣಲ್ಲಿ ನೀರು. ಹೊರಗೆ ಕಾಲಿಟ್ಟವಳು ಹಿಂದಕ್ಕೆ ತಿರುಗಿ ಐಸಿಗೆ ತಲೆ ಬಗ್ಗಿಸಿದಳು. ಇಲ್ಲಿ ಎಲ್ಲರೂ ಬಗ್ಗಿಸುತ್ತಾರೆ. ಒಳಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಇಬುಕಿಯಂತೂ ಕೋಳಿ ಕಾಳು ಹೆಕ್ಕಿದ ಹಾಗೆ ಒಂದು ಕುಕ್ಕು ಕುಕ್ಕಿ ಓಡುತ್ತಾಳೆ. ಆದರೆ ಈ ಹುಡುಗಿ ಮಂಡಿಯೂರಿದಳು. ಬಲಗೈಯ ಗ್ಲೌಸ್ ಬಿಚ್ಚಿದಳು. ಬರಿಯ ಅಂಗೈಯನ್ನು ಐಸಿನ ಮೇಲೆ ಒತ್ತಿ, ಉಸಿರು ಹಿಡಿದು, ಆಮೇಲೆ ಎದ್ದಳು.

ಇಷ್ಟು ಹೊತ್ತು ತನ್ನನ್ನು ಕೆಡವಿದ ನೀರುಗಡ್ಡೆಗೆ ಈ ಮರ್ಯಾದೆ! ನಾನಾಗಿದ್ದರೆ ಉಗುಳುತ್ತಿದ್ದೆ.

ಬೆಂಚಿನ ತುದಿಯಲ್ಲಿ ನಿವಾ ಎಂಬ ಹೆಂಗಸು ಎಂದಿನಂತೆ ಫೋನ್ ಹಿಡಿದು ತನ್ನ ಮಗಳ ವಿಡಿಯೊ ತೆಗೆಯುತ್ತಿದ್ದಳು. ಅವಳು ದಿನವೂ ತೆಗೆಯುತ್ತಾಳೆ. ಮನೆಗೆ ಹೋಗಿ ಊಟದ ಹೊತ್ತಿಗೆ ಮಗಳಿಗೆ ತೋರಿಸಿ ಅವಳನ್ನು ಅಳುವಂತೆ ಮಾಡುತ್ತಾಳೆ.

"ಅಕ್ಕಾ, ನಿನ್ನೆದೂ ಇದೆಯಾ? ಇಬುಕಿಯ ಹಾಡು ಹಾಕಿದ್ದಾಗಿಂದು?"

"ಇರದೇ ಏನು? ನೋಡು ಕಣಪ್ಪಾ ನನ್ನ ಹಣೆಬರಹ. ನನ್ನ ಮಗಳ ಜಂಪ್ ನೋಡೋಕೆ ಅವಳ ಅಪ್ಪನೂ ಬರಲ್ಲ. ಅವಳ ಹಿಂದೆ ಓಡಾಡೋರನ್ನ ನೋಡೋಕೆ ಪತ್ತೇದಾರರೇ ಬರ್ತಾರೆ."

ಫೋನು ನನ್ನ ಕೈಗೆ ಬಂತು. ಮುಂದೆ ನಿವಾಳ ಮಗಳು, ಹಿಂದೆ ಇಬುಕಿಯ ಪಿಯಾನೊ ಹಾಡು. ಅಗೋ, ಕಿತ್ತಳೆ ಪಟ್ಟಿ! ಉದ್ದಕ್ಕೆ ಹಾದು ಹೋಯಿತು, ತಿರುಗಿತು, ಮೂರು ಸುತ್ತಿನ ಲುಟ್ಜ್ ಹಾರಿ ಕೂದಲೆಳೆಯಷ್ಟೂ ಅಲುಗದೆ ಇಳಿಯಿತು.

ಸಿಕ್ಕಿತು. ಓಮೋರಿಯಮ್ಮನ ಸೊಂಟ ಬಗ್ಗುವುದನ್ನು ನೋಡಲು ಸಂಜೆಯವರೆಗೂ ಕಾಯಬೇಕಾಗಿಲ್ಲ. ನನ್ನ ತಂಗಿ ಶನಿವಾರ ಐಸಿಗೆ ಇಳಿಯುತ್ತಾಳೆ. ಮತ್ತೆ ಮನೆಯಲ್ಲೆಲ್ಲ ಅವಳೇ, ಟೀವಿಯಲ್ಲೂ ಅವಳೇ. ಇರಲಿ, ಅದು ಆಮೇಲಿನ ಮಾತು.

ವಿಡಿಯೊ ಓಡುತ್ತಲೇ ಇತ್ತು. ಹಾಡು ಮುಗಿಯಿತು. ಪಟ್ಟಿಯವಳು ಗೇಟಿಗೆ ಬಂದಳು. ಹೊರಗೆ ಕಾಲಿಟ್ಟು ಹಿಂದಕ್ಕೆ ತಿರುಗಿದಳು.

ಮಂಡಿಯೂರಿದಳು.

ಬಲಗೈಯ ಗ್ಲೌಸ್ ಬಿಚ್ಚಿದಳು.

ಮತ್ತೆ ಹಿಂದಕ್ಕೆಳೆದು ನೋಡಿದೆ. ಬರಿಯ ಅಂಗೈ, ಐಸಿನ ಮೇಲೆ. ಕೋಳಿಯಿಲ್ಲ, ಕಾಳಿಲ್ಲ.

"ಅಕ್ಕಾ," ಎಂದೆ, "ಹೀಗೆ ಕೈ ಮುಟ್ಟಿಸಿ ನಮಸ್ಕಾರ ಮಾಡೋರು ಇಲ್ಲಿ ಎಷ್ಟು ಜನ?"

"ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು ಆ ಭಕ್ತಿ? ಓಮೋರಿ ಸುಜುನಾ ಒಬ್ಬಳೇ. ಸೆಂಡೈಯಲ್ಲಿ ಮೊದಲು ಕಲಿಸಿದ ಅಜ್ಜಿ ಹಾಗೆ ಅಭ್ಯಾಸ ಮಾಡಿಸಿದ್ಲಂತೆ. ಯಾಕೆ?"

ನಿವಾ ಆ ವಿಡಿಯೊವನ್ನು ನಿನ್ನೆಯಿಂದ ಹತ್ತು ಸಲ ನೋಡಿರಬೇಕು. ಅವಳ ಕಣ್ಣಿಗೆ ತನ್ನ ಮಗಳನ್ನು ಬಿಟ್ಟು ಬೇರೆ ಯಾರೂ ಬಿದ್ದಿಲ್ಲ. ಉಳಿದವರಿಗೋ, ಇಬುಕಿಯ ಹಾಡು ಕೇಳಿತು, ಪಟ್ಟಿ ಕಂಡಿತು, ದಾರಿ ಬಿಟ್ಟರು. ಒಳಗಿರುವ ಮುಖ ಯಾರಿಗೆ ಬೇಕು?

"ಏನಿಲ್ಲ. ಇದನ್ನ ನನ್ನ ಫೋನಿಗೆ ಕಳಿಸಿ" ಎಂದೆ.

ನನ್ನ ತಂಗಿಯನ್ನು ಉಳಿಸುವ ಸಾಕ್ಷಿ ನನ್ನ ಜೇಬಿನಲ್ಲಿತ್ತು. ಅವಳನ್ನು ಮುಳುಗಿಸುವ ಸಾಕ್ಷಿಯೂ ಅದೇ.

* * *

ಸುಜುನಾ ಹಿಂದಿನ ಓಣಿಯಲ್ಲಿ, ಡಬ್ಬಿ ಸೂಪ್ ಮಾರುವ ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದಳು. ಎರವಲು ಶೂ ಬಿಚ್ಚಿಟ್ಟಿದ್ದಳು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿತ್ತು. ಜೋಳದ ಸೂಪಿನ ಬಿಸಿ ಡಬ್ಬಿಯನ್ನು ಕುಡಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹದಿನೆಂಟು ವರ್ಷ, ಬಸ್ಸುಗಳ ಮೇಲೆಲ್ಲ ಅವಳ ಚಿತ್ರ.

ನಾನು ಫೋನನ್ನು ಅವಳ ಮುಖದ ಮುಂದೆ ಹಿಡಿದೆ. ಅಂಗೈ ಐಸನ್ನು ಮುಟ್ಟುವ ಕಡೆ ನಿಲ್ಲಿಸಿದೆ.

"ಬೆನ್ನು ನೋವು ಅಂತ ಮಲಗಿದ್ದೆಯಂತೆ?"

ಅವಳು ನೋಡಿದಳು. ಅಳಲಿಲ್ಲ, ಬೆಚ್ಚಲಿಲ್ಲ. "ಛೆ" ಎಂದಳು. "ಎಲ್ಲ ಅವಳ ಹಾಗೇ ಮಾಡಿದ್ದೆ. ಮಾಸ್ಕು, ತುರುಬು, ಎಲ್ಲ. ಇದೊಂದು ಮರೆತುಬಿಟ್ಟೆ. ಮರೆತದ್ದೂ ಅಲ್ಲ ಅಣ್ಣಾ. ಮುಟ್ಟದೆ ಹೊರಗೆ ಬರೋಕೆ ಕಾಲೇ ಬರಲಿಲ್ಲ."

"ಅಣ್ಣ ಗಿಣ್ಣ ಬೇಡ. ಹಾಡು ಮುಗಿಯೋ ತನಕ ನಿನ್ನ ಶೂ ಎಲ್ಲಿತ್ತು?"

"ಕಾಣ್ತಾ ಇದೆಯಲ್ಲ."

"ಬಾಯಿಬಿಟ್ಟು ಹೇಳು."

"ನನ್ನ ಕಾಲಲ್ಲಿ."

ಹೇಳಿ ಮುಗಿಸಿದ್ದೇ ಅವಳ ಹೆಗಲು ಇಳಿಬಿತ್ತು. ಇಬುಕಿಯ ಹಾಡಿನ ಹೊತ್ತಿನಲ್ಲಿ ಕಳುವಾಯಿತೆಂದು ಇಡೀ ರಿಂಕು ನಂಬಿದ್ದ ಶೂ, ಇಡೀ ರಿಂಕಿನ ಕಣ್ಣೆದುರಲ್ಲೇ ಐಸಿನ ಮೇಲೆ ಸುತ್ತುತ್ತಿತ್ತು!

"ಆಮೇಲೆ?"

"ಆಮೇಲೆ ಬಿಚ್ಚಿ ಬೆಂಚಿನ ಮೇಲಿಟ್ಟೆ. ಮುಖ ತೊಳೆಯೋಕೆ ಹೋದೆ. ತುಂಬಾ ಹೊತ್ತು ತೊಳೆದೆ. ಬಂದು ನೋಡಿದ್ರೆ ಇಲ್ಲ. ಕಳುವಾಗಿದ್ದಂತೂ ನಿಜ, ಅಣ್ಣಾ. ಹೊತ್ತು ಮಾತ್ರ ಸುಳ್ಳು ಹೇಳಿದೆ."

"ಯಾಕೆ?"

"ಇನ್ನೊಬ್ಬರ ಪಟ್ಟಿ ತೊಟ್ಟೆ ಅಂತ ಗೊತ್ತಾದ್ರೆ ಮೇಡಂ ಇಬ್ಬರನ್ನೂ ಐಸಿಗೆ ಬಿಡಲ್ಲ. ಡಿಕ್ಕಿ ಹೊಡೆದ್ರೆ ಹೆಣ ಬೀಳುತ್ತೆ ಅಂತ ಅವರಿಗೆ ಅದೊಂದು ವಿಷಯದಲ್ಲಿ ಕ್ಷಮೆಯೇ ಇಲ್ಲ. ಅಮ್ಮ ಅಂತೂ..." ಅವಳು ಡಬ್ಬಿಯನ್ನು ತಿರುಗಿಸಿದಳು. "ಹಾಡಿನ ಹೊತ್ತಲ್ಲಿ ಹೋಯ್ತು ಅಂದ್ರೆ ಇಬುಕಿ ಮೇಲೆ ಅನುಮಾನ ಬರಲ್ಲ ಅಂದ್ಕೊಂಡೆ. ಆ ಕಪ್ಪೆ ಬಿದ್ದಿರೋದು ನನಗೇನು ಗೊತ್ತು? ನಾವಿಬ್ಬರೂ ಅಲ್ಲೇ ಕೂತು ಬದಲಾಯಿಸಿಕೊಂಡದ್ದು. ಅವಳು ಶೂ ಬಿಚ್ಚಿದ್ಲು, ಪಟ್ಟಿ ಕೊಟ್ಟಳು."

"ಪದಕ ನಿನ್ನ ಹತ್ರ. ಬಸ್ಸಿನ ಮೇಲೆ ಮುಖ ನಿಂದು. ನನ್ನ ತಂಗಿಯ ಹಾಡಲ್ಲಿ ನಿನಗೇನು ಕೆಲಸ?"

ಅವಳು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಆ ನೋಟ ನನಗೆ ಗೊತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಾಣುತ್ತದೆ.

"ಆ ಹಾಡಿನ ನಡುವೆ ಒಂದು ಜಾಗ ಇದೆ. ಜಂಪ್ ಇಲ್ಲ, ಸುತ್ತು ಇಲ್ಲ. ಎರಡೂ ಕೈ ಇಳಿಬಿಟ್ಟು ಸುಮ್ಮನೆ ಜಾರ್ತಾಳೆ. ನೀವು ನೋಡಿದ್ದೀರಾ?"

"ನೋಡಿದ್ದೀನಿ." ನೋಡಿರಲಿಲ್ಲ. ನಾನು ಅವಳ ಸ್ಪರ್ಧೆಗಳಿಗೆ ಹೋಗುವುದಿಲ್ಲ.

"ಆಗ ಎಲ್ಲರೂ ನಿಂತುಬಿಡ್ತಾರೆ. ಪುಟ್ಟ ಮಕ್ಕಳೂ. ಮೇಡಂ ಬಾಯಲ್ಲಿ ಅರ್ಧ ಮಾತು ಹಾಗೇ ಉಳಿಯುತ್ತೆ. ನಾನು ಜಾರೋವಾಗ ಜನ ಮುಂದಿನ ಜಂಪಿಗೆ ಕಾಯ್ತಾರೆ. ಅವಳು ಜಾರೋವಾಗ ಯಾರೂ ಯಾವುದಕ್ಕೂ ಕಾಯಲ್ಲ." ಅವಳ ದನಿ ಕೆಳಗಿಳಿಯಿತು. "ಮನೇಲಿ ಅಮ್ಮ ಮಲಗಿದ ಮೇಲೆ ಕಾಲುಚೀಲ ಹಾಕ್ಕೊಂಡು ಹಜಾರದಲ್ಲಿ ಅದನ್ನೇ ಮಾಡಿ ಮಾಡಿ ನೋಡ್ತಿದ್ದೆ. ಪೂರ್ತಿ ಹಾಡು ಬರುತ್ತೆ ನನಗೆ, ನನ್ನ ಹಾಡಿಗಿಂತ ಚೆನ್ನಾಗಿ. ನಾಚಿಕೆ ಬಿಟ್ಟು ಕೇಳಿದೆ ಅವಳನ್ನ. ಒಂದು ಸಲ, ಒಂದೇ ಸಲ ನಿನ್ನ ಪಟ್ಟಿ ಕೊಡು ಅಂತ."

"ಸಿಕ್ಕಿತಾ?"

"ಯಾರೂ ನಿಲ್ಲಲಿಲ್ಲ." ಅವಳು ನಕ್ಕಳು. ಕೆಟ್ಟ ನಗು. "ಅವಳ ಪಟ್ಟಿ, ಅವಳ ಹಾಡು, ಅವಳ ಹೆಜ್ಜೆ. ಎಲ್ಲರೂ ಪಕ್ಕಕ್ಕೆ ಸರಿದು ಮಾತಾಡ್ತಾ ನಿಂತರು. ನಿಮ್ಮ ನಿವಾ ಅಕ್ಕ ಮಗಳಿಗೆ ಮೊಣಕಾಲು ಬಗ್ಗಿಸು ಅಂತ ಕೂಗ್ತಾ ಇದ್ಲು. ಅದಕ್ಕೇ ಅಷ್ಟು ಹೊತ್ತು ಮುಖ ತೊಳೆದದ್ದು."

ನನಗೆ ಅವಳ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಬೇರೆ. ಇಡೀ ದೇಶವೇ ಕರುಬುವ ಹುಡುಗಿ ನನ್ನ ತಂಗಿಯನ್ನು ಕಂಡು ಕರುಬುತ್ತಾಳೆ. ನನ್ನನ್ನು ಕಂಡು ಈ ನಗೋಯಾದಲ್ಲಿ ಒಂದು ನಾಯಿಯೂ ಕರುಬಿದ್ದಿಲ್ಲ.

"ನೀನು ಐಸ್ ಮೇಲಿದ್ದೆ. ಇಬುಕಿ ಎಲ್ಲಿದ್ದಳು?"

"ಗೊತ್ತಿಲ್ಲ."

"ಕೇಳಲಿಲ್ವಾ?"

"'ತಗೋ, ನನಗೂ ಕೆಲಸ ಇದೆ' ಅಂದ್ಲು. ನನಗೆ ಪಟ್ಟಿ ಬೇಕಿತ್ತು. ಕೆಲಸ ಏನು ಅಂತ ಕೇಳೋ ವ್ಯವಧಾನ ಎಲ್ಲಿತ್ತು? ನಾನು ಹಾಡು ಮುಗಿಸಿ ಬಂದಾಗಲೂ ಅವಳು ಇರಲಿಲ್ಲ. ಪಟ್ಟಿಯನ್ನ ಅವಳ ಬ್ಯಾಗಿನ ಮೇಲಿಟ್ಟು ಹೋದೆ." ತಡೆದು ಅಂದಳು: "ಅವಳು ಕದ್ದಿಲ್ಲ, ಅಣ್ಣಾ."

"ಹೇಗೆ ಗೊತ್ತು?"

"ಕದಿಯಬೇಕಾದವಳು ನಾನು. ಅವಳಿಗೆ ನನ್ನ ಶೂ ಯಾಕೆ ಬೇಕು?"

ಓಣಿಯ ಆ ತುದಿಯಿಂದ ಮೇಡಂ ಕೂಗಿದರು. ಇಬುಕಿ ಬಂದಿದ್ದಳು.

* * *

ಆಫೀಸು ಕೋಣೆಯಲ್ಲಿ ನಾವು ಐದು ಜನ. ಮೇಡಂ ಮೇಜಿನ ಹಿಂದೆ, ಓಮೋರಿಯಮ್ಮ ಕುರ್ಚಿಯಲ್ಲಿ, ಅವಳ ಹಿಂದೆ ಬರಿಗಾಲಿನ ಸುಜುನಾ. ಇಬುಕಿ ಶಾಲೆಯ ಯೂನಿಫಾರ್ಮಿನಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು. ಗಿಡ್ಡ, ತೆಳ್ಳಗೆ, ಮೂಗಿನ ತುದಿ ಕೆಂಪಗೆ. ಇವಳಿಗಾಗಿ ನಮ್ಮ ಮನೆ ಎಲ್ಲವನ್ನೂ ಮಾರಿಕೊಂಡಿತು.

"ಅಣ್ಣಾ, ಊಟ ಆಯ್ತಾ?" ಎಂದಳು, ಏನೂ ಆಗದವಳ ಹಾಗೆ.

"ಸುಮ್ಮನಿರೇ."

"ಸಿಕ್ಕಿತೇನು?" ಓಮೋರಿಯಮ್ಮ ಕೇಳಿದಳು.

ಫೋನನ್ನು ಮೇಜಿನ ಮೇಲಿಟ್ಟೆ. ಗೇಟಿನ ಹತ್ತಿರ ಬರುವ ಮೊದಲೇ ನಿಲ್ಲಿಸಲು ಹೆಬ್ಬೆರಳನ್ನು ಸಿದ್ಧವಾಗಿಟ್ಟುಕೊಂಡೆ.

ಪಿಯಾನೊ ಶುರುವಾಯಿತು. ಕಿತ್ತಳೆ ಪಟ್ಟಿ ಹಾದು ಹೋಯಿತು. ಮೇಡಂ ಕನ್ನಡಕ ಏರಿಸಿ ಮುಂದ­ಕ್ಕೆ ಬಾಗಿದರು. ಲುಟ್ಜ್ ಹಾರಿ ಇಳಿದಾಗ ಅವರ ಕೈ ತಾನಾಗಿ ಮೇಜನ್ನು ತಟ್ಟಿತು.

"ಇದು! ಇಬುಕಿ, ಇದೇ ಕಣೇ! ಎಷ್ಟು ದಿನದಿಂದ ಬಾಯಿ ಬಡ್ಕೊಳ್ತಾ ಇದ್ದೆ, ಇದಕ್ಕೇ!"

ಇಬುಕಿ ಬಾಗಿಲಿನಿಂದ ಬೆನ್ನು ಕಿತ್ತಳು.

ಪಟ್ಟಿಯವಳು ಕೈ ಇಳಿಬಿಟ್ಟು ಜಾರತೊಡಗಿದಳು. ನಿವಾಳ ಮಗಳ ಭುಜದ ಹಿಂದೆ, ಮಸುಕಾಗಿ, ಉದ್ದಕ್ಕೆ. ಮೇಡಂ ಮಾತು ನಿಲ್ಲಿಸಿದರು. ಓಮೋರಿಯಮ್ಮನ ಕೈಯಲ್ಲಿದ್ದ ಕಪ್ಪೆ ಮಡಿಲಿಗೆ ಜಾರಿತು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ.

"ಈ ಜಾಗ ನೀನು ಯಾವತ್ತೂ ಇಷ್ಟು ಚೆನ್ನಾಗಿ ಮಾಡಿಲ್ಲ" ಎಂದರು ಮೇಡಂ ಮೆಲ್ಲಗೆ. "ಯಾವತ್ತೂ. ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

"ಸುಜುನಾ," ಓಮೋರಿಯಮ್ಮ ಹಿಂದೆ ತಿರುಗದೆ ಅಂದಳು, ಪ್ರತಿ ಅಕ್ಷರಕ್ಕೂ ಹೊಟ್ಟೆಯುರಿ ಸವರಿ, "ನೋಡಿ ಕಲಿ. ನಿನ್ನ ಕೈಲಿ ಇದು ಆಗಲ್ಲ."

ನಾನು ಸುಜುನಾಳ ಮುಖ ನೋಡಿದೆ. ನೋಡಬಾರದಿತ್ತು. ಬಯಸಿದ್ದು ಕೊನೆಗೂ ಕೈಗೆ ಬಂದಿತ್ತು, ಬೇರೆಯವಳ ಹೆಸರಿಗೆ.

ನಾನು ಹೆಬ್ಬೆರಳು ಒತ್ತಿದೆ. ಹಾಡು ನಿಂತಿತು.

"ಶೂಹೇ," ಮೇಡಂ ಹೆಸರು ಹಿಡಿದು ಕರೆದು ನನ್ನ ಕಡೆ ತಿರುಗಿದರು, "ನೀನು ಪತ್ತೇದಾರ. ಅಣ್ಣನೂ ಹೌದು. ನಿನ್ನ ಬಾಯಿಂದ ಒಂದು ಮಾತು. ಇದು ನಿನ್ನ ತಂಗಿ ತಾನೇ?"

ಹೌದು ಎಂದರೆ ಶನಿವಾರ ಅವಳ ಕೈಯಲ್ಲಿ. ಅಲ್ಲ ಎಂದರೆ ಎಲ್ಲ ಮುಗಿಯಿತು. ನಾಳೆಯಿಂದ ನಮ್ಮ ಮನೆಯಲ್ಲಿ ರೆಕ್ಕೆ ಮುರಿದವರು ಇಬ್ಬರು. ಆ ಯೋಚನೆಯಲ್ಲಿ ಒಂದು ಬೆಚ್ಚಗಿನ ಸುಖವಿತ್ತು. ಅದನ್ನು ಕಂಡೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

"ನನ್ನ ತಂಗಿಯೇ" ಎಂದೆ. "ಹುಟ್ಟಿದಾಗಿಂದ ನೋಡಿದ್ದೀನಿ. ಗೊತ್ತಾಗಲ್ವಾ?"

ಓಮೋರಿಯಮ್ಮ ಎದ್ದಳು. ಕೋಟಿನ ಅಂಚನ್ನು ಎಳೆದುಕೊಂಡಳು. ಇಬುಕಿಯ ಮುಂದೆ ಹೋಗಿ ನಿಂತು ಸೊಂಟದ ತನಕ ಬಾಗಿದಳು. "ತಪ್ಪಾಯಿತು. ದೊಡ್ಡ ಮಾತಾಡಿಬಿಟ್ಟೆ. ದೂರು ಕೊಡೋದಿಲ್ಲ. ಶನಿವಾರ ಚೆನ್ನಾಗಿ ಮಾಡಿ."

ಮುಗಿಯಿತು. ಗೆದ್ದೆವು. ಮೇಡಂ ಕುರ್ಚಿಗೆ ಒರಗಿ ಉಸಿರು ಬಿಟ್ಟರು.

"ಶನಿವಾರವೂ ಇದನ್ನೇ ಮಾಡು, ಮಗಳೇ" ಎಂದರು. "ನಿನ್ನೆ ಮಾಡಿದ ಹಾಗೇ. ಒಂದು ಕೂದಲಷ್ಟೂ ಬದಲಾಯಿಸಬೇಡ."

ಇಬುಕಿ ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಉಬ್ಬಿತ್ತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಹುಡುಗಿಗೆ ಅಪ್ಪ ಗಾಳಿಪಟ ಮಾಡಿಕೊಟ್ಟಾಗ ಆ ನರ ಹಾಗೇ ಉಬ್ಬಿದ್ದು ನನಗೆ ನೆನಪಿದೆ. ಬೇಡ, ಎಂದು ಕಣ್ಣಲ್ಲೇ ಹೇಳಿದೆ. ಬೇಡ ಕಣೇ, ಬಾಯಿ ಮುಚ್ಚು.

"ಇದು ನನಗಿಂತ ಚೆನ್ನಾಗಿದೆಯಾ, ಮೇಡಂ?"

"ನಿನಗಿಂತ ಅಂದ್ರೆ ಏನೇ? ನೀನೇ ತಾನೇ."

"ಅಲ್ಲ" ಎಂದಳು ಇಬುಕಿ. "ಅದು ನಾನಲ್ಲ."

ಸುಜುನಾ ಕಣ್ಣು ಮುಚ್ಚಿಕೊಂಡಳು. ಓಮೋರಿಯಮ್ಮನ ಸೊಂಟ ನಿಧಾನವಾಗಿ, ಮೂಳೆ ಮೂಳೆಯಾಗಿ, ನೆಟ್ಟಗಾಯಿತು.

"ಲುಟ್ಜ್ ಅವಳದ್ದು, ಒಪ್ಪಿದೆ. ಆದರೆ ಕೈ ಇಳಿಬಿಡೋ ಜಾಗ ನಂದು. ಅದನ್ನ ನಾನು ಇವಳಿಗೆ ಬಿಟ್ಟುಕೊಡಲ್ಲ!" ಅವಳು ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳದೆ. "ಮನೆಗೆ ಕಳಿಸಿದ್ರೂ ಸರಿ. ಈ ವಿಡಿಯೊದಲ್ಲಿರೋದು ನನ್ನದಲ್ಲ, ಚೆನ್ನಾಗೂ ಇಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ನೀನು ಎಲ್ಲಿದ್ದೆ?"

ಇಬುಕಿ ನನ್ನತ್ತ ತಿರುಗಿದಳು. ಅಳು ನಿಂತಿತ್ತು.

"ಅಣ್ಣನ ಜೊತೆ. ಹಿಂದಿನ ಗೇಟಿನ ಹತ್ರ. ಅವನೇ ಬಾ ಅಂದದ್ದು."

ನಿನ್ನೆ ಆ ಹೊತ್ತಿನಲ್ಲಿ ನಾನು ಊರಿನ ಇನ್ನೊಂದು ತುದಿಯಲ್ಲಿ, ಓಸು ಬೀದಿಯ ಕಾಫಿ ಅಂಗಡಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರನ ಬೆನ್ನ ಹಿಂದೆ ಕೂತಿದ್ದೆ. ಅಲ್ಲಿಂದಲೇ ಇಬುಕಿಗೆ ಫೋನ್ ಮಾಡಿ ರಾತ್ರಿ ತಡವಾಗುತ್ತೆ ಎಂದಿದ್ದೆ. ನಾನು ಎಲ್ಲಿದ್ದೆನೆಂಬುದು ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೆ. ಗೊತ್ತಿದ್ದೂ ಸುಳ್ಳು ಹೇಳುತ್ತಿದ್ದಳು; ಹಾಗಾದರೆ ಅವಳು ನಿಜವಾಗಿ ಎಲ್ಲಿದ್ದಳು, ಸುಜುನಾಳ ಶೂ ಎಲ್ಲಿದೆ?

ಅವಳು ನನ್ನ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ರೆಪ್ಪೆ ಕೂಡ ಅಲುಗಲಿಲ್ಲ.

"ಶೂಹೇ," ಎಂದರು ಮೇಡಂ. ಈ ಸಲ ಅವರ ದನಿಯಲ್ಲಿ ಮಗನೇ ಎನ್ನುವ ಸಲಿಗೆ ಇರಲಿಲ್ಲ. "ಈಗಷ್ಟೇ ಒಂದು ಸುಳ್ಳು ಹೇಳಿದೆ. ಇನ್ನೊಂದು ಹೇಳಬೇಡ. ನಿನ್ನೆ ನೀನು ಇಲ್ಲಿಗೆ ಬಂದಿದ್ದೆಯಾ?"